ಕೋಳಿ ಕಾಯುವಷ್ಟು ಹೊತ್ತು

ನಮ್ಮ ಊರಿನಲ್ಲಿ ಸಂಜೆ ದೀಪ ಹಚ್ಚುವ ಹೊತ್ತಿಗೆ ತಂತಿ, ಗಾಲಿ, ಬೀಗ ಇರುವ ವಸ್ತುಗಳೆಲ್ಲ ತಾವು ಏನೆಂಬುದನ್ನು ಮರೆತುಬಿಡುತ್ತವೆ. ಪಂಪಿಗೆ ತಾನು ನೀರೆತ್ತಬೇಕೆಂಬುದು ನೆನಪಿರುವುದಿಲ್ಲ, ಗಡಿಯಾರಕ್ಕೆ ಮುಳ್ಳು ಯಾವ ಕಡೆ ತಿರುಗಬೇಕೆಂಬುದು ತಿಳಿಯುವುದಿಲ್ಲ, ಬೀಗಕ್ಕೆ ಯಾರ ಕೀಲಿ ಹಾಕಿದರೂ ಒಂದೇ. ಹಾಗಂತ ಕಳ್ಳತನವೇನೂ ಹೆಚ್ಚಿಲ್ಲ. ಎಲ್ಲರ ಬಾಗಿಲೂ ತೆರೆದಂತೆಯೇ ಇರುವ ಊರಲ್ಲಿ ಕದ್ದು ಎಲ್ಲಿ ಬಚ್ಚಿಡುವುದು? ನೆಂಟರು ಬಂದಾಗ ಮಾತ್ರ ಸ್ವಲ್ಪ ಮುಜುಗರ. ಫ್ಯಾನು ಯಾಕೆ ನಿಂತಿತು ಎಂದು ಕೇಳುತ್ತಾರೆ. ಮಲಗಿದೆ ಎನ್ನುತ್ತೇವೆ, ಬೀಸಣಿಗೆ ಕೊಡುತ್ತೇವೆ.

ಬೆಳಿಗ್ಗೆ ಇವನ್ನೆಲ್ಲ ಎಬ್ಬಿಸುವುದಕ್ಕೆ ಪ್ರತಿ ಮನೆಯಲ್ಲೂ ಒಂದು ಪೆಟ್ಟಿಗೆಯಿದೆ. ಎಲೆಯಡಿಕೆ ಡಬ್ಬಿಯಷ್ಟು ದೊಡ್ಡದು. ಮೀಟರಿನ ಪಕ್ಕದ ಗೋಡೆಗೆ ಮೊಳೆ ಹೊಡೆದು ಕೂರಿಸಿರುತ್ತಾರೆ. ನಾವು ಅದನ್ನು ಕೋಳಿ ಎನ್ನುತ್ತೇವೆ. ಮನೆಯಲ್ಲಿ ಮೊದಲು ಏಳುವುದು ಕೋಳಿ. ಎದ್ದು, ನೀನು ಪಂಪು, ನೀನು ಬೀಗ, ನೀನು ಇಂಥವರ ಮನೆಯ ಗ್ರೈಂಡರು ಎಂದು ಒಂದೊಂದಕ್ಕೂ ಹೇಳಿ, ಎಲ್ಲವೂ ಎದ್ದ ಮೇಲೆ ತಾನು ತೆಪ್ಪಗಾಗುತ್ತದೆ. ಆಮೇಲೆ ಇಡೀ ದಿನ ಅದರ ನೆನಪು ಯಾರಿಗೂ ಬರುವುದಿಲ್ಲ. ಮನುಷ್ಯರಲ್ಲೂ ಹಾಗೇ ತಾನೆ, ಎಬ್ಬಿಸಿದವರಿಗೆ ಯಾರು ಉಪಕಾರ ಹೇಳುತ್ತಾರೆ?

ಕೋಳಿಯೊಳಗಿನ ಪ್ರೋಗ್ರಾಂ ಇಡೀ ಊರಿಗೆ ಒಂದೇ. ಒಬ್ಬರು ಬರೆದದ್ದಲ್ಲ. ಅಜ್ಜಂದಿರ ಕಾಲದಿಂದ ಯಾರು ಯಾರೋ ಬರೆದು, ಇನ್ಯಾರೋ ತಿದ್ದಿ ಬೆಳೆದುಬಂದದ್ದು. ಚಾವಡಿಯ ಕಂಪ್ಯೂಟರಿನಲ್ಲಿ ಅದು ತೆರೆದೇ ಇರುತ್ತದೆ. ಯಾರು ಬೇಕಾದರೂ ಓದಬಹುದು, ನಕಲು ಮಾಡಿಕೊಂಡು ಮನೆಗೆ ಒಯ್ಯಬಹುದು, ತಿದ್ದಿ ತಂದು ಒಪ್ಪಿಸಬಹುದು. ಪ್ರೋಗ್ರಾಂ ಒಂದೇ ಆದರೂ ಮನೆಗಳು ಒಂದೇ ಅಲ್ಲವಲ್ಲ. ಒಬ್ಬರಿಗೆ ಬಾವಿ, ಒಬ್ಬರಿಗೆ ನಲ್ಲಿ. ಒಬ್ಬರಿಗೆ ಎದ್ದ ತಕ್ಷಣ ರೇಡಿಯೋ ಬೇಕು, ಇನ್ನೊಬ್ಬರಿಗೆ ಬಿಸಿನೀರಾಗುವ ತನಕ ಯಾರೂ ಮಾತಾಡಬಾರದು. ಅದಕ್ಕೇ ಅದರ ತುಂಬ ಪ್ರಶ್ನೆಗಳಿವೆ. ಪ್ರತಿಯೊಂದಕ್ಕೂ ಬೇಕು ಅನ್ನಬೇಕು, ಇಲ್ಲವೆ ಬೇಡ ಅನ್ನಬೇಕು. ನಮ್ಮ ಮಾತಿನಲ್ಲಿ ಇವುಗಳ ಹೆಸರೇ ಬೇಕುಬೇಡ. ಬೇಕು ಎಂದದ್ದನ್ನು ಸೇರಿಸಿ, ಬೇಡ ಎಂದದ್ದನ್ನು ಬಿಟ್ಟು, ಚಾವಡಿಯಲ್ಲಿ ಆ ಮನೆಯ ಕೋಳಿ ಕಟ್ಟಿಕೊಡುತ್ತೇವೆ. ಕೈ ಬರುವವರು ಮನೆಯಲ್ಲೇ ಕೂತು ಕಟ್ಟಿಕೊಳ್ಳುವುದೂ ಉಂಟು.

ಇದರಲ್ಲಿ ಎರಡು ಸೂಕ್ಷ್ಮಗಳಿವೆ. ಒಂದು, ಊರಿನ ರೂಢಿ. ಹೆಚ್ಚಿನವರು ಏನು ಕೇಳುತ್ತಾರೋ ಅದೇ ರೂಢಿ. ರೂಢಿಯಂತೆ ನಡೆಯುವವರ ಹೆಸರಿನಲ್ಲಿ ನಾವು ಏನನ್ನೂ ಬರೆದಿಡುವುದಿಲ್ಲ. ಯಾರು ರೂಢಿಗಿಂತ ಬೇರೆ ಕೇಳುತ್ತಾರೋ ಅವರದು ಮಾತ್ರ ಒಂದು ಸಾಲು. ಎಲ್ಲರಂತೆ ಇರುವವರು ಲೆಕ್ಕಕ್ಕೇ ಇಲ್ಲ ಅನ್ನಿ. ಎರಡನೆಯದು, ಆಸರೆ. ಕೆಲವು ಬೇಕುಬೇಡಗಳು ಇನ್ನೊಂದಕ್ಕೆ ಒರಗಿಕೊಂಡು ನಿಂತಿರುತ್ತವೆ. ನಲ್ಲಿ ಬೇಡ ಎಂದಮೇಲೆ ನಲ್ಲಿಯ ಬಿಸಿನೀರು ಬೇಕು ಎಂದರೆ ನಡೆಯುವುದಿಲ್ಲ. ನಡೆಯುವುದಿಲ್ಲ ಅಂತ ಕೋಳಿ ಹೇಳುವುದೂ ಇಲ್ಲ. ಜಗಳ ಅದರ ಸ್ವಭಾವದಲ್ಲೇ ಇಲ್ಲ. ನಿಮ್ಮ 'ಬೇಕು' ಅನ್ನು ಸದ್ದಿಲ್ಲದೆ ಬದಿಗಿಟ್ಟು ಮುಂದಿನ ಕೆಲಸಕ್ಕೆ ಹೋಗುತ್ತದೆ.

ಈ ಬೇಕುಬೇಡಗಳನ್ನು ನೋಡಿಕೊಳ್ಳುವವಳು ನಾನು. ಹೆಸರು ಚಿಕ್ಕತಾಯಮ್ಮ, ಊರಿಗೆಲ್ಲ ತಾಯಕ್ಕ. ಮೊದಲು ಮೋಟಾರು ವೈಂಡಿಂಗ್ ಮಾಡುತ್ತಿದ್ದೆ. ವರ್ಷಗಟ್ಟಲೆ ತಾಮ್ರದ ತಂತಿ ಸುತ್ತಿ ನಾನು ಕಲಿತದ್ದು ಎಲ್ಲಿ ಕೈ ಹಾಕಬಾರದು ಎಂಬುದನ್ನು. ಚಾವಡಿಯವರಿಗೆ ಅಂಥವರೇ ಬೇಕಾಗಿತ್ತು. ಮದುವೆಯಾಗಲಿಲ್ಲ. ಯಾಕೆ ಆಗಲಿಲ್ಲವೆಂದು ಕೇಳುವವರ ವಯಸ್ಸೂ ಈಗ ಮುಗಿದಿದೆ. ಚಾವಡಿಯ ಹಿಂದಿನ ಕೋಣೆಯೇ ನನ್ನ ಮನೆ.

ಊರಿನ ಮಿಕ್ಕ ಕೋಳಿಗಳಿಗಿಂತ ಒಂದು ಚಿಟಿಕೆ ಹೊಡೆಯುವಷ್ಟು ಮೊದಲು ಚಾವಡಿಯ ಕೋಳಿ ಏಳಬೇಕು, ಅದಕ್ಕಿಂತ ಮೊದಲು ನಾನು ಏಳಬೇಕು. ಮೊದಲು ಎದ್ದವರಿಗೆ ಒಂದು ಕಷ್ಟವಿದೆ. ಮಾತಾಡಿಸಲು ಯಾರೂ ಇರುವುದಿಲ್ಲ. ನಲ್ಲಿಗೂ ತಾನು ನಲ್ಲಿಯೆಂದು ತಿಳಿಯದ ಹೊತ್ತು ಅದು. ಹಂಡೆಯಲ್ಲಿ ತುಂಬಿಟ್ಟ ನೀರಿನಿಂದ ಮುಖ ತೊಳೆದು, ಸೌದೆ ಒಲೆಯಲ್ಲಿ ಕಾಫಿ ಇಳಿಸಿ, ಲೋಟ ಹಿಡಿದು ಕೋಳಿಯ ಮುಂದೆ ಕೂರುತ್ತಿದ್ದೆ.

ಆಗ ಕೋಳಿಗಳು ಎದ್ದ ಕೂಡಲೇ ಕೆಲಸಕ್ಕೆ ತೊಡಗುತ್ತಿರಲಿಲ್ಲ. ಕಣ್ಣು ಬಿಟ್ಟು, ಕೆಂಪು ದೀಪ ಹೊತ್ತಿಸಿ, ಒಂದಿಷ್ಟು ಹೊತ್ತು ಕಾಯುತ್ತಿದ್ದವು. ಎಷ್ಟು ಹೊತ್ತು ಎಂದರೆ, ಬಿಸಿ ಕಾಫಿಯನ್ನು ಊದಿ ಮೊದಲ ಗುಟುಕು ಕುಡಿಯುವಷ್ಟು. ಕೋಳಿಗೆ ತಲೆ ಕೆಟ್ಟ ದಿನ ಯಾರಾದರೂ ಗುಂಡಿ ಅದುಮಿ ಹಿಡಿದು ಅದನ್ನು ತಡೆಯಲಿ ಎಂದು ಹಿಂದಿನವರು ಇಟ್ಟ ಬೇಕುಬೇಡ ಅದು, ಅದರ ಹೆಸರು 'ಕಾಯುವುದು'. ಊರಿನ ಕೋಳಿಗಳೆಲ್ಲ ಒಂದೇ ತಂತಿಯಲ್ಲಿ ಪೋಣಿಸಿದಂತಿವೆ. ಗುಂಡಿಯನ್ನು ಅದುಮದೆ ಸುಮ್ಮನೆ ತಟ್ಟಿದರೆ ಎಲ್ಲ ಕೋಳಿಗಳಲ್ಲೂ ಟಿಕ್ ಎಂಬ ಸದ್ದು. ಆ ಹೊತ್ತಿನಲ್ಲಿ ಅದನ್ನು ಕೇಳುವುದಕ್ಕೆ ಎದ್ದಿರುವವರಾದರೂ ಯಾರು?

ಒಂದು ಚಳಿಗಾಲದ ಬೆಳಿಗ್ಗೆ ಏನೂ ತೋಚದೆ ಎರಡು ಸಲ ತಟ್ಟಿದೆ. ಟಿಕ್ ಟಿಕ್. ಗುಟುಕು ಕುಡಿಯುವಷ್ಟರಲ್ಲಿ ನನ್ನ ಕೋಳಿ ತಾನಾಗಿಯೇ ಟಿಕ್ ಟಿಕ್ ಟಿಕ್ ಎಂದಿತು.

ಲೋಟ ಕೆಳಗಿಟ್ಟೆ. ಅಷ್ಟರಲ್ಲಿ ಕಾಯುವ ಹೊತ್ತು ಮುಗಿದು ದೀಪಗಳೆದ್ದವು, ನಲ್ಲಿ ಸುರಿಯತೊಡಗಿತು. ಮಾರನೆಯ ದಿನ ಎರಡು ತಟ್ಟಿದೆ. ಮೂರು ಬಂತು. ಆಮೇಲೆ ಅದು ತಪ್ಪಲಿಲ್ಲ. ಜ್ವರ ಬಂದ ದಿನವೂ ಕಂಬಳಿ ಹೊದ್ದು ಹೋಗಿ ತಟ್ಟಿದ್ದೇನೆ. ಮೂರು ಬದಲು ಎರಡೇ ಬಂದ ಒಂದು ದಿನ, ಆ ಕಡೆಯವರಿಗೆ ಏನಾಗಿದೆಯೋ ಎಂದು ಮಧ್ಯಾಹ್ನದ ಊಟ ಸೇರಲಿಲ್ಲ. ಯಾರು ಎಂದು ಹುಡುಕಬಹುದಿತ್ತು. ಹುಡುಕಲಿಲ್ಲ. ಯಾರೆಂದು ತಿಳಿದರೆ ಎದುರಿಗೆ ಸಿಕ್ಕಾಗ ಏನಾದರೂ ಮಾತಾಡಬೇಕಾಗುತ್ತದೆ. ಮಾತಾಡಿದರೆ ನಾಳೆ ತಟ್ಟುವುದು ತಪ್ಪಬಹುದು. ಇರುವ ಒಂದು ಗುಟುಕನ್ನು ಚೆಲ್ಲಿಕೊಳ್ಳುವ ಧೈರ್ಯ ನನಗಿರಲಿಲ್ಲ.

ವರ್ಷಕ್ಕೊಮ್ಮೆ ನಮ್ಮಲ್ಲಿ ಬೇಕುಬೇಡಗಳನ್ನು ಗುಡಿಸುತ್ತೇವೆ. ಬಳಸದವು ಸೇರಿ ಸೇರಿ ಪ್ರೋಗ್ರಾಂ ಅಟ್ಟದಂತಾಗುತ್ತದೆ. ಅದಕ್ಕೆ ಚಾವಡಿಯಲ್ಲಿ ಒಂದೊಂದನ್ನೂ ಗಟ್ಟಿಯಾಗಿ ಓದುತ್ತಾರೆ. ಇದು ಯಾರಿಗಾದರೂ ಬೇಕೇ ಎಂದು ಕೇಳುತ್ತಾರೆ. ಬೇಕಾದವರು ಎದ್ದು ನಿಂತು, ನನಗೆ ಬೇಕು, ಇಂಥದ್ದಕ್ಕೆ ಬೇಕು ಎನ್ನಬೇಕು. ಯಾರೂ ಏಳದಿದ್ದರೆ ಅದರ ರೂಢಿ ಬೇಡ ಎಂದಾಗುತ್ತದೆ. ಮುಂದಿನ ಅಮಾವಾಸ್ಯೆಯೊಳಗೂ ಯಾರೂ ಕೇಳದಿದ್ದರೆ ಬೇರುಸಹಿತ ಕಿತ್ತುಹಾಕುತ್ತೇವೆ.

ಆ ವರ್ಷ ಗುಡಿಸುವ ಕೆಲಸಕ್ಕೆ ಮುಂದೆ ನಿಂತವನು ಹಿಟ್ಟಿನ ಗಿರಣಿಯ ಇಂದುಧರ. ಒಳ್ಳೆಯವನು, ಚುರುಕು. ಕೈಗೆ ಪೊರಕೆ ಸಿಕ್ಕರೆ ಮಾತ್ರ ಅವನನ್ನು ಹಿಡಿಯುವುದು ಕಷ್ಟ.

"ತಾಯಕ್ಕ, ಇದನ್ನ ನೋಡಿ. ಬೆಳಿಗ್ಗೆ ಎದ್ದ ಕೋಳಿ ಸುಮ್ಮನೆ ನಿಂತು ಕಾಯುತ್ತೆ. ಇಡೀ ಊರಿನ ಕೋಳಿಗಳು, ದಿನಾ. ಯಾರಿಗೆ ಅಂತ ಕಾಯೋದು?"

"ಯಾರಾದರೂ ಗುಂಡಿ ಅದುಮಿದರೆ ಅಂತ. ಕೋಳಿಗೆ ತಲೆ ಕೆಟ್ಟಾಗ ತಡೀಬೇಕಲ್ಲಪ್ಪ."

"ಕೋಳಿಗೆ ತಲೆ ಕೆಟ್ಟು ಯಾವ ಕಾಲ ಆಯ್ತು? ನನ್ನ ಮದುವೆಗೂ ಮುಂಚೆ."

"ಆಮೇಲೆ ನಿನಗೇ ಕೆಟ್ಟಿತಲ್ಲ, ಕೋಳಿಗೆ ಎಲ್ಲಿ ಉಳೀತು?" ಎಂದಳು ರೇವಕ್ಕ. ಚಾವಡಿಯ ಜಗುಲಿಯಲ್ಲಿ ಇಡ್ಲಿ ಮಾರುವವಳು. ಇಡ್ಲಿ ಬೇಯುವ ತನಕ ಯಾರ ಮನೆಯ ಹೆಸರಿನಲ್ಲಿ ಏನು ಸಾಲು ಇದೆ ಎಂದು ಕಂಪ್ಯೂಟರಿನಲ್ಲಿ ಓದಿ ಊರಿಗೆ ಹಂಚುವುದು ಅವಳ ಕಸುಬು. ಪಟೇಲರ ಮನೆಯಲ್ಲಿ ದೇವರ ಕೋಣೆಯ ದೀಪಕ್ಕಿಂತ ಮೊದಲು ಟೀವಿ ಏಳುತ್ತದೆ ಎಂಬುದು ಊರಿಗೆ ತಿಳಿದದ್ದು ಅವಳಿಂದಲೇ.

ಎಲ್ಲರೂ ನಕ್ಕರು. ಇಂದುಧರನೂ ನಕ್ಕ. "ಆಯ್ತು ರೇವಕ್ಕ. ಕಾಯೋದು ಹೋದರೆ ಅದರ ಜೊತೆ ಕಿವಿಯೂ ಹೋಗುತ್ತೆ. ತಂತಿ ಮೇಲೆ ಬರೋ ಸದ್ದು ಕೇಳಿಸಿಕೊಳ್ಳೋದು. ಕಾಯೋದೇ ಇಲ್ಲ ಅಂದಮೇಲೆ ಕಿವಿ ಇಟ್ಕೊಂಡು ಯಾವ ಸಂಗೀತ ಕೇಳಬೇಕು? ಯಾರಿಗಾದರೂ ಬೇಕೇನ್ರಪ್ಪ?"

ನಾನು ಜನರ ಮುಖಗಳನ್ನು ನೋಡಿದೆ. ಆ ಮೂರು ಟಿಕ್ ಇವರಲ್ಲಿ ಯಾರದೋ ಆಗಿರಬೇಕು, ಬೇಕಿದ್ದರೆ ಎದ್ದು ನಿಲ್ಲಲಿ ಎಂದುಕೊಂಡೆ. ಒಬ್ಬಳು ಸೆರಗು ಸರಿಮಾಡಿಕೊಂಡಳು, ಒಬ್ಬ ಆಕಳಿಸಿದ. ಯಾರೂ ಏಳಲಿಲ್ಲ. ನಾನು ಎದ್ದು ಏನೆಂದು ಹೇಳಲಿ? ಬೆಳಿಗ್ಗೆ ಯಾರೋ ನನಗೆ ಮೂರು ಸಲ ತಟ್ಟುತ್ತಾರೆ, ಅದಕ್ಕಾಗಿ ಇಡೀ ಊರು ಕಾಯಲಿ ಎಂದೇ? ರೇವಕ್ಕನ ಇಡ್ಲಿಗೆ ವರ್ಷಕ್ಕಾಗುವಷ್ಟು ಚಟ್ನಿ ಆಗುತ್ತಿತ್ತು.

"ತಾಯಕ್ಕ, ನಿಮ್ಮ ಒಪ್ಪಿಗೆ?" ಎಂದ ಇಂದುಧರ.

"ಯಾರೂ ಕೇಳಲಿಲ್ಲವಲ್ಲ," ಎಂದೆ. ಒಪ್ಪಿಗೆ ಕೊಟ್ಟೆ. ಹೊಸ ಕೋಳಿಗಳನ್ನು ನಾನೇ ಕೂತು ಕಟ್ಟಿದೆ.

ಹೊಸ ಕೋಳಿ ಎದ್ದ ಬೆಳಿಗ್ಗೆ ಕೆಂಪು ದೀಪ ಹೊತ್ತಿದ್ದೇ ತಡ, ಊರೆಲ್ಲ ಒಮ್ಮೆಗೇ ಎದ್ದು ನಿಂತಿತು. ಕಾಫಿ ಊದಲೂ ಸಮಯವಿರಲಿಲ್ಲ. ಜನರಿಗೆ ಬಹಳ ಹಿಡಿಸಿತು. ನನ್ನ ಕೋಳಿಗೆ ಮಾತ್ರ ಕಿವಿ ಇಟ್ಟುಕೊಳ್ಳಬಹುದಿತ್ತು. ಹಾಗೆ ಇಟ್ಟರೆ ರೂಢಿಗಿಂತ ಬೇರೆಯೆಂದು ಚಾವಡಿಯ ಹೆಸರಿನಲ್ಲಿ ಒಂದು ಸಾಲು ಬರುತ್ತಿತ್ತು, ಅದನ್ನು ರೇವಕ್ಕ ಓದುತ್ತಿದ್ದಳು. ಅಲ್ಲದೆ ಆ ಕಡೆ ಕಿವಿಯಿಲ್ಲದ ಮೇಲೆ ಈ ಕಡೆಯ ಕಿವಿಯಿಂದ ಏನು ಪ್ರಯೋಜನ? ಆ ಕಡೆಯವರಿಗೆ ಬೇಕಾಗಿರಲಿಲ್ಲ, ಎಂದುಕೊಂಡೆ. ಸುಮ್ಮನೆ ಸಿಕ್ಕಿದ್ದಕ್ಕೆ ತಟ್ಟುತ್ತಿದ್ದರು, ಈಗ ಸಿಗುವುದಿಲ್ಲ, ಬಿಟ್ಟಿದ್ದಾರೆ. ಕಾಫಿ ಇಳಿಸುವುದನ್ನೇ ನಿಲ್ಲಿಸಿದೆ. ಒಬ್ಬಳಿಗೋಸ್ಕರ ಒಲೆ ಯಾಕೆ ಹಚ್ಚಬೇಕು ಎನ್ನಿಸುತ್ತಿತ್ತು. ಮೊದಲೂ ಒಬ್ಬಳೇ ಇದ್ದೆ, ಆಗ ಹೀಗೆ ಅನ್ನಿಸಿರಲಿಲ್ಲ.

ಅಮಾವಾಸ್ಯೆಯ ಹಿಂದಿನ ದಿನ, ಹೊತ್ತು ಏರಿದ ಮೇಲೆ, ಮುದ್ದುರಂಗಯ್ಯ ಚಾವಡಿಗೆ ಬಂದ. ಕೆರೆಯ ಆ ತುದಿಯ ತೂಬಿನ ನೀರಗಂಟಿ. ತೂಬಿನ ಪಕ್ಕದ ಕೋಣೆಯಲ್ಲೇ ವಾಸ. ಯಾವ ಕಾಲುವೆಗೆ ಎಷ್ಟು ನೀರು ಬಿಡಬೇಕೆಂದು ನೋಡಿಕೊಳ್ಳುವುದು ಅವನ ಕೆಲಸ. ಊರೊಳಗೆ ಬರುವುದು ಅಪರೂಪ. ಗುಡಿಸುವ ದಿನವೂ ಬಂದಿರಲಿಲ್ಲ. ಹೆಗಲ ಮೇಲಿನ ಟವೆಲ್ಲನ್ನು ಬಿಚ್ಚಿ, ಅದರಲ್ಲಿ ಸುತ್ತಿ ತಂದಿದ್ದ ತನ್ನ ಕೋಳಿಯನ್ನು ನನ್ನ ಮೇಜಿನ ಮೇಲಿಟ್ಟ. ಎಳೆಗೂಸನ್ನು ಇಟ್ಟಷ್ಟು ಮೆತ್ತಗೆ.

"ಇದನ್ನ ಒಪ್ಪಿಸಿಬಿಟ್ಟು ಹೋಗೋಣ ಅಂತ ಬಂದೆ ಕಣಕ್ಕ. ತೂಬಿಗೆ ಬೇರೆ ಯಾರನ್ನಾದ್ರೂ ನೋಡ್ಕಳಿ. ನಾನು ತಂಗಿ ಊರಿಗೆ ಹೊಂಟೆ."

ಇಂದುಧರ ಅಲ್ಲೇ ಇದ್ದ, ನಾಳೆ ಕೀಳಬೇಕಾದ ಬೇಕುಬೇಡಗಳನ್ನು ಹೆಕ್ಕುತ್ತಿದ್ದ. "ಏನ್ ರಂಗಯ್ಯನೋರೆ, ನೀವಿಲ್ಲದೆ ನೀರು ಯಾರ ಮಾತು ಕೇಳುತ್ತೆ?" ಎಂದ.

"ನೀರು ಯಾವತ್ತು ನನ್ನ ಮಾತು ಕೇಳಿತ್ತಪ್ಪ? ಇಳಿಜಾರಿನ ಮಾತು ಕೇಳೋದು ಅದು."

ಒಪ್ಪಿಸುವವರು ಕಾರಣ ಹೇಳಬೇಕೆಂಬುದು ಚಾವಡಿಯ ಕಟ್ಟಳೆ. ಕೇಳಿದೆ. ಅವನು ಟವೆಲ್ಲನ್ನು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ.

"ನಗಬ್ಯಾಡಿ. ಅಲ್ಲಿ ದಿನಗಟ್ಟಲೆ ಮನುಷ್ಯರ ಮುಖ ಕಾಣಕಿಲ್ಲ. ಅದೇನೂ ಕಷ್ಟ ಆಗಿರಲಿಲ್ಲ. ಬೆಳಿಗ್ಗೆ ಒಬ್ಬರು ತಟ್ತಿದ್ರು. ಕೋಳಿ ಕಾಯ್ತಿತ್ತಲ್ಲ, ಆವಾಗ. ಎರಡು ಸಲ. ನಾನೂ ತಟ್ತಿದ್ದೆ. ಅಷ್ಟೇಯ. ಊರಲ್ಲಿ ಯಾರೋ ಒಬ್ಬರು ಎದ್ದವ್ರೆ ಅಂತ ಗೊತ್ತಾಯ್ತಿತ್ತು. ಈಗ ನಿಂತೋಯ್ತು."

ಇಂದುಧರ ಹೆಕ್ಕುವುದನ್ನು ನಿಲ್ಲಿಸಿದ. "ಕಾಯೋದನ್ನ ತೆಗೆದುಹಾಕಿದ್ವಲ್ಲ ರಂಗಯ್ಯನೋರೆ. ರೂಢಿ ಈಗ ಬೇಡ ಅಂತ."

"ಗೊತ್ತು ಕಣಪ್ಪ. ಅದಕ್ಕೇ ನನ್ನ ಕೋಳಿಗೆ ನಾನೇ ಬೇಕು ಅಂತ ಹಾಕ್ಕೊಂಡೆ. ಇಲ್ಲಿ ಬಂದು ಹೇಳೋಕೆ ನಾಚಿಕೆ ಆಯ್ತು. ಹಾಕ್ಕೊಂಡು ದಿನಾ ಕೂತು ಕಾದೆ. ಒಂದು ದಿನವೂ ಬರಲಿಲ್ಲ." ಕೋಳಿಯ ಮೇಲಿನ ಧೂಳನ್ನು ಬೆರಳಿನಿಂದ ಒರೆಸಿ ಹೇಳಿದ, "ಸತ್ತೋದ್ರೇನೋ ಅನ್ನಿಸ್ತು. ಊರಲ್ಲಿ ಯಾರು ಹೋದ್ರು ಅಂತ ಕೇಳೋಣ ಅಂದ್ರೆ, ಯಾರನ್ನ ಅಂತ ಕೇಳಲಿ? ಹೆಸರೇ ಗೊತ್ತಿಲ್ಲ. ಹೆಸರು ಗೊತ್ತಿಲ್ದೋರಿಗೆ ಅಳೋಕೂ ಬರಕಿಲ್ಲ ಕಣಕ್ಕ."

ನಾನು ಅವನ ಕೋಳಿಯನ್ನು ಕಂಪ್ಯೂಟರಿಗೆ ಜೋಡಿಸಿದೆ. ಕೈಗೆ ಏನಾದರೂ ಕೆಲಸ ಬೇಕಾಗಿತ್ತು. ತೂಬಿನ ಹೆಸರಿನಲ್ಲಿ ಅವನು ಮನೆಯಲ್ಲೇ ಕೂತು ಬರೆದ ಸಾಲು ಕಂಡಿತು. ಕಾಯುವುದು: ಬೇಕು. ಅದರ ಕೆಳಗೆ ಏನೂ ಇರಲಿಲ್ಲ. ಕಟ್ಟಿದ ಕೋಳಿಯ ಒಳಗೆ ನೋಡಿದರೆ ಕಾಯುವುದು ಎಂಬುದೇ ಇಲ್ಲ.

ಕಾಯುವುದು ಒರಗಿಕೊಂಡಿದ್ದು ಕಿವಿಯ ಆಸರೆಗೆ. ಕಿವಿಯ ರೂಢಿಯೂ ಬೇಡ ಆಗಿತ್ತು. ಮುದ್ದುರಂಗಯ್ಯ ಕಾಯಲು ಹೇಳಿದ, ಕಿವಿ ಬೇಕು ಎಂದು ಹೇಳಲಿಲ್ಲ. ಹೇಳಬೇಕೆಂದು ಅವನಿಗೆ ಹೊಳೆಯಲೂ ಇಲ್ಲ, ಇಷ್ಟು ವರ್ಷ ಅದು ಕೇಳದೆಯೇ ಇತ್ತಲ್ಲ. ಕೋಳಿ ಅವನ 'ಬೇಕು' ಅನ್ನು ಸದ್ದಿಲ್ಲದೆ ಬದಿಗಿಟ್ಟಿತ್ತು. ಇವನು ಅದರ ಮುಂದೆ ಕೂತು, ಕಾಯದ ಪೆಟ್ಟಿಗೆಯ ಜೊತೆ ತಾನೊಬ್ಬನೇ ಕಾದಿದ್ದ. ಕಿವಿ ಇದ್ದಿದ್ದರೂ ಏನೂ ಬರುತ್ತಿರಲಿಲ್ಲ ಎಂಬುದು ಬೇರೆ ಮಾತು. ತಟ್ಟುವವಳು ಈ ಕಡೆ ಒಲೆಯನ್ನೂ ಹಚ್ಚದೆ ಮುಖ ತಿರುಗಿಸಿ ಕೂತಿದ್ದಳು.

"ಕಿವಿ ಹಾಕಿಲ್ಲ ನೀವು," ಎಂದೆ.

"ಏನಂದ್ರಿ?"

"ಕಿವಿ ಇಲ್ಲದೆ ಕಾದರೆ ಏನು ಕೇಳಿಸುತ್ತೆ ರಂಗಯ್ಯನೋರೆ? ಎರಡೂ ಬೇಕು ಅನ್ನಬೇಕಾಗಿತ್ತು."

ಅವನು ಸಾಲನ್ನು ಬಗ್ಗಿ ನೋಡಿದ. "ಹಂಗಾದ್ರೆ ಅವರು ತಟ್ತಾನೇ ಇದ್ರೇನೋ?"

ಈ ಪ್ರಶ್ನೆಗೆ ಸುಳ್ಳು ಹೇಳುವುದು ಸುಲಭವಿತ್ತು. ಜಗುಲಿಯಲ್ಲಿ ರೇವಕ್ಕನ ಇಡ್ಲಿ ಪಾತ್ರೆಯ ಮುಚ್ಚಳದ ಸದ್ದು ನಿಂತಿತ್ತು. ಆ ಸದ್ದು ನಿಂತರೆ ಅವಳ ಕಿವಿ ಒಳಗಿದೆ ಎಂದರ್ಥ, ಅವಳ ಕಿವಿಗೆ ಯಾರೂ ಬೇಡ ಅನ್ನುವಂತಿಲ್ಲ. ಕೇಳಿಸಿಕೊಳ್ಳಲಿ ಎಂದುಕೊಂಡು ಇಂದುಧರನ ಕಡೆ ತಿರುಗಿದೆ.

"ಇಂದುಧರ, ಕಾಯುವುದನ್ನೂ ಕಿವಿಯನ್ನೂ ನಾಳೆ ಕೀಳಬೇಡ. ಬೇಕು."

"ರಂಗಯ್ಯನೋರಿಗೆ ತಾನೆ? ಬರ್ಕೋತೀನಿ ಬಿಡಿ, ತೂಬಿನ ಹೆಸರಲ್ಲಿ."

"ತೂಬಿಗೂ ಬರಿ. ಚಾವಡಿಗೂ ಬರಿ. ನನಗೆ ಬೇಕು."

ಅವನ ಬೆರಳು ಗಾಳಿಯಲ್ಲೇ ನಿಂತಿತು. ಕಟ್ಟಳೆಯ ಹುಡುಗ, ಬಿಡುವವನಲ್ಲ. ಮೆತ್ತಗೆ ಕೇಳಿದ, "ಏನಕ್ಕೆ ಬೇಕು ಅಂತ ಹಾಕಲಿ ತಾಯಕ್ಕ?"

"ತಟ್ಟೋದಕ್ಕೆ. ಸತ್ತಿಲ್ಲ ಅಂತ ತಿಳಿಸೋದಕ್ಕೆ. ಎರಡು ಸಲ ತಟ್ಟುತ್ತಿದ್ದವಳು ನಾನೇ."

ಮುದ್ದುರಂಗಯ್ಯ ನನ್ನನ್ನು ನೋಡಲಿಲ್ಲ, ನಾನೂ ಅವನನ್ನು ನೋಡಲಿಲ್ಲ. ಇಬ್ಬರೂ ಮೇಜಿನ ಮೇಲಿದ್ದ ಆ ಡಬ್ಬಿಯನ್ನೇ ನೋಡುತ್ತಿದ್ದೆವು. ಇಷ್ಟು ವರ್ಷ ಹೆದರಿದ್ದು ಈ ಗಳಿಗೆಗೇ. ಎದುರೆದುರು ಇದ್ದೆವು, ಆಡಲು ಮಾತಿರಲಿಲ್ಲ.

ಕೊನೆಗೆ ಅವನು ಟವೆಲ್ ಕೊಡವಿ ಹೆಗಲ ಮೇಲೆ ಹಾಕಿಕೊಂಡ. "ಹಂಗಾದ್ರೆ ಅದನ್ನ ಸರಿಯಾಗಿ ಕಟ್ಟಿಕೊಡಿ ಅಕ್ಕ. ಹೊತ್ತು ಮುಳುಗೋದರೊಳಗೆ ಏರಿ ದಾಟಬೇಕು."

"ತಂಗಿ ಊರು?"

"ತಂಗಿ ಎಲ್ಲಿಗೆ ಹೋಯ್ತಾಳೆ, ಅಲ್ಲೇ ಇರ್ತಾಳೆ."

ಕಟ್ಟಿಕೊಟ್ಟೆ. ಈ ಸಲ ಕಿವಿಯನ್ನು ಹಾಕಿ, ಕಟ್ಟಿದ ಮೇಲೆ ಒಳಗೆ ಇಣುಕಿ ಎರಡೂ ಇವೆಯೆಂದು ನೋಡಿಯೇ ಕೊಟ್ಟೆ. ಟವೆಲ್ಲಿನಲ್ಲಿ ಸುತ್ತಿಕೊಂಡು ಅವನು ಹೋದ. ಏರಿಯ ಮೇಲೆ ಸಣ್ಣದಾಗುತ್ತ ಹೋಗುವವರೆಗೂ ಬಾಗಿಲಲ್ಲಿ ನಿಂತಿದ್ದೆ. ಅವನು ತಿರುಗಿ ನೋಡಲಿಲ್ಲ, ನೋಡಬೇಕೆಂದು ನಾನೂ ಬಯಸಲಿಲ್ಲ.

ಒಳಗೆ ಬಂದರೆ ರೇವಕ್ಕ ಕಂಪ್ಯೂಟರಿನ ಮುಂದೆ ಕೂತಿದ್ದಳು. ಊರಿನ ಯಾರ ಮನೆಗೂ ಇಲ್ಲದ ಸಾಲು ಎರಡೇ ಕಡೆ ಇತ್ತು. ಚಾವಡಿಗೆ ಒಂದು, ತೂಬಿಗೆ ಒಂದು. ಎಲ್ಲರೂ ಕಾಯುತ್ತಿದ್ದ ಕಾಲದಲ್ಲಿ ನಮ್ಮದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಈಗ ಯಾರು ತೆರೆದರೂ ಮೊದಲು ಕಾಣುವುದು ಅದೇ. ಅವಳು ಓದಿದಳು, ನನ್ನನ್ನು ನೋಡಿದಳು. ಚಟ್ನಿ ಬರುತ್ತದೆ ಎಂದು ಕಾದೆ.

"ಇಷ್ಟು ಬೇಗ ಎದ್ದು ಕೂರ್ತೀಯೇನೆ ದಿನಾ, ಒಬ್ಬಳೇ?" ಎಂದಳು. ಎರಡು ಇಡ್ಲಿ ಎಲೆಗೆ ಹಾಕಿ ನನ್ನ ಮುಂದಿಟ್ಟು, ಬೇರೇನೂ ಅನ್ನದೆ ಜಗುಲಿಗೆ ಹೋದಳು. ಸಂಜೆಯೊಳಗೆ ಊರಿಗೆಲ್ಲ ಹೇಳಿರುತ್ತಾಳೆ, ಅದರಲ್ಲಿ ಅನುಮಾನವಿಲ್ಲ. ಹೇಳಲಿ.

ಮಾರನೆಯ ಬೆಳಿಗ್ಗೆ ಎದ್ದು ಒಲೆ ಹಚ್ಚಿದೆ. ಸೌದೆ ಹಸಿಯಾಗಿತ್ತು, ಹೊಗೆಗೆ ಕಣ್ಣಲ್ಲಿ ನೀರು ಬಂತು. ಊರಿನ್ನೂ ತಾನು ಊರೆಂಬುದನ್ನು ಮರೆತು ಮಲಗಿತ್ತು. ಕಾಫಿ ಸೋಸಿಕೊಂಡು ಕೋಳಿಯ ಮುಂದೆ ಕೂತೆ. ಕೆಂಪು ದೀಪ ಹೊತ್ತಿತು. ಹೊತ್ತಿ, ನಿಂತಿತು, ಮೊದಲಿನ ಹಾಗೆ. ಒಂದು ಕೈಯಲ್ಲಿ ಲೋಟ ಹಿಡಿದು ಇನ್ನೊಂದು ಕೈಯನ್ನು ಗುಂಡಿಯ ಕಡೆ ಚಾಚಿದೆ.

ಬೆರಳು ತಾಗುವ ಮೊದಲೇ ಕೋಳಿ ಟಿಕ್ ಟಿಕ್ ಟಿಕ್ ಎಂದಿತು. ಇಷ್ಟು ವರ್ಷಗಳಲ್ಲಿ ಆ ಕಡೆಯಿಂದ ಯಾರೂ ಮೊದಲು ತಟ್ಟಿರಲಿಲ್ಲ.